ಹದಿನೇಳನೆಯ ಪುಟದ ಮೊಹರಿನ ಬಗ್ಗೆ ಸಮಜಾಯಿಷಿ

ಮಾನ್ಯ ಓದುಗರೇ,

ನಮ್ಮ ಯುರೋಪ್ ಪ್ರವಾಸದ ಕುರಿತು ಕನ್ನಡ ಕೂಟದ ವಾರ್ಷಿಕ ಸಂಚಿಕೆಗೆ ಒಂದು ಲೇಖನ ಬರೆದುಕೊಡುವಂತೆ ಸಂಪಾದಕರು ಕೋರಿರುತ್ತಾರೆ. ನಾನು ಈ ಹಿಂದೆ ಲೇಖನ ಬರೆದವನಲ್ಲ. ಬರೆದದ್ದೆಲ್ಲ ಪತ್ರಗಳು, ಅವೂ ಸಾಹೇಬರ ಸಹಿಗೆ. ಆದುದರಿಂದ ಈ ಬರಹದಲ್ಲಿ ಕಚೇರಿಯ ವಾಸನೆ ಬಂದಲ್ಲಿ ತಾವು ಮನ್ನಿಸಬೇಕಾಗಿ ವಿನಂತಿ.

ಪ್ರವಾಸಕ್ಕೆ ಮೊದಲು ಒಂದು ತಿದ್ದುಪಡಿ ಸಲ್ಲಿಸಬೇಕಾಗಿದೆ. ವಿಯೆನ್ನಾದಲ್ಲಿ ವಿಮಾನ ರದ್ದಾದ ಕಾರಣ ನಾವು ಒಂದು ದಿನ ತಡವಾಗಿ ಹಿಂದಿರುಗಿದೆವು ಎಂದು ನಾನು ತಮ್ಮಲ್ಲಿ ಹಲವರಿಗೆ ಹೇಳಿರುತ್ತೇನೆ. ಯುಗಾದಿ ಊಟದ ಸಾಲಿನಲ್ಲಿ ಕೈಯಲ್ಲಿ ತಟ್ಟೆ ಹಿಡಿದುಕೊಂಡು ಹೇಳಿದ್ದೇನೆ. ಸದರಿ ಮಾಹಿತಿ ಸುಳ್ಳು. ವಿಮಾನ ಸರಿಯಾದ ವೇಳೆಗೆ ಹೊರಟಿತು. ನಾವು ಅದರಲ್ಲಿ ಇರಲಿಲ್ಲ.

ಕೆಂಡಲ್ ಪಾರ್ಕ್, ನ್ಯೂಜೆರ್ಸಿ

ನನ್ನ ಹೆಸರು ಗೋವಿಂದರಾಜು. ಮಂಡ್ಯದ ಒಂದು ಸರ್ಕಾರಿ ಕಚೇರಿಯ ಟಪಾಲು ವಿಭಾಗದಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದವನು. ಬಂದ ಕಾಗದಕ್ಕೆ ಆವಕದ ಮೊಹರು, ಹೋಗುವ ಕಾಗದಕ್ಕೆ ಜಾವಕದ ಮೊಹರು, ಪ್ರತಿ ಮೊಹರಿನ ಬಲಕ್ಕೆ ನನ್ನ ಕಿರುಸಹಿ. ಇಷ್ಟೇ ನನ್ನ ಉದ್ಯೋಗ. ಆದರೆ ಮೊಹರಿಲ್ಲದೆ ಆ ಕಟ್ಟಡದಲ್ಲಿ ಒಂದು ಹಾಳೆಯೂ ಮೇಜು ದಾಟುತ್ತಿರಲಿಲ್ಲ. ಮೊಹರಿನ ಹಿಡಿಯನ್ನು ಮೊದಲು ಎಡಕ್ಕೆ ಒರಗಿಸಿ, ತೊಟ್ಟಿಲು ತೂಗಿದ ಹಾಗೆ ಬಲಕ್ಕೆ ತಂದು, ಕದಲಿಸದೆ ಎತ್ತಬೇಕು. ಆಗ ಅಕ್ಷರಗಳು ನಾಲ್ಕು ಮೂಲೆಗೂ ಸಮನಾಗಿ ಮೂಡುತ್ತವೆ. ನನ್ನ ಮೊಹರು ನೋಡಿ ಖಜಾನೆಯವರು ಕೂಡ ಮೆಚ್ಚಿದ್ದುಂಟು.

ಹನ್ನೆರಡು ವರ್ಷಗಳ ಹಿಂದೆ ನನ್ನ ಹೆಂಡತಿ ವಿಶಾಲಾಕ್ಷಿಗೆ ನ್ಯೂಜೆರ್ಸಿಯ ಆಸ್ಪತ್ರೆಯೊಂದರ ರಕ್ತಪರೀಕ್ಷೆಯ ಲ್ಯಾಬ್‌ನಲ್ಲಿ ಕೆಲಸ ಸಿಕ್ಕಿತು. ನಾನು ರಾಜೀನಾಮೆ ಕೊಟ್ಟು ಜೊತೆಗೆ ಬಂದೆ. ವೀಸಾದಿಂದ ಗ್ರೀನ್ ಕಾರ್ಡಿನವರೆಗೆ ಇಲ್ಲಿನ ನನ್ನ ಕಾಗದಗಳೆಲ್ಲ ಅವಳ ಕಾಗದದ ಬೆನ್ನಿಗೆ ಅಂಟಿಕೊಂಡು ಬಂದಂಥವು. ಅವಲಂಬಿತ ಎಂಬ ಕಾಲಮ್ಮಿನಲ್ಲಿ ನನ್ನ ಹೆಸರು. ಈಗ ನಾನು ರೂಟ್ ಒನ್ ಹೆದ್ದಾರಿ ಬದಿಯ ಒಂದು ಗೋದಾಮಿನಲ್ಲಿ ಪೆಟ್ಟಿಗೆಗಳನ್ನು ಕಳುಹಿಸುತ್ತೇನೆ. ಅಲ್ಲಿ ಮೊಹರಿಲ್ಲ. ಸ್ಕ್ಯಾನರ್ ಒಮ್ಮೆ ಕೀಂ ಎನ್ನುತ್ತದೆ, ಅಷ್ಟೆ.

ಪ್ರವಾಸಕ್ಕೆ ಒಂದು ವರ್ಷ ಮೊದಲು ನಮ್ಮ ಮನೆಯ ಸತ್ಯನಾರಾಯಣ ಪೂಜೆಗೆ ಫೋರ್ಟ್ ಲೀಯಿಂದ ಸ್ನೇಹಿತ ಮಂಜುನಾಥ್ ಬಂದಿದ್ದರು. ಊಟವಾದ ಮೇಲೆ ಅವರು ಜೇಬಿನಿಂದ ಪಾಸ್‌ಪೋರ್ಟ್ ತೆಗೆದು ಇಸ್ಪೀಟಿನ ಎಲೆಯಂತೆ ಪುಟ ಬಿಡಿಸತೊಡಗಿದರು. ಒಂದು ಪುಟದಲ್ಲಿ ನಾಲ್ಕು ಮೊಹರು, ಇನ್ನೊಂದರಲ್ಲಿ ಆರು.

"ಇದು ಕ್ರೊಯೇಷಿಯಾ. ಆಗಿನ್ನೂ ಬಾರ್ಡರ್ ಇತ್ತು. ಈಗ ಎಲ್ಲ ಡಿಜಿಟಲ್ ಮಾಡ್ತಾರಂತೆ ಸಾರ್, ಸ್ಟ್ಯಾಂಪೇ ಇರಲ್ಲ. ಎಲ್ಲಿ, ನಿಮ್ದು ತೋರ್ಸಿ ನೋಡೋಣ."

ನನ್ನದು ಹೊಸದಾಗಿ ನವೀಕರಿಸಿದ್ದು. ನಾನು ಬೇಡವೆನ್ನುವಷ್ಟರಲ್ಲಿ ಅವರ ಮಗಳು ಅದನ್ನು ಕೈಗೆತ್ತಿಕೊಂಡು ಪುಟ ತಿರುವಿದಳು.

"ಅಂಕಲ್, ಇಟ್ಸ್ ಎಂಪ್ಟಿ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಯುರೋಪಿಗೆ ಹೋಗೋಣ ಎಂದು ವಿಶಾಲಾಕ್ಷಿಗೆ ಅಂದು ಸಂಜೆಯೇ ಹೇಳಿದೆ. ಕಾರಣ ಹೇಳಲಿಲ್ಲ.

ಅವಳು ಕೂಡಲೇ ಒಪ್ಪಲಿಲ್ಲ. ಅವಳ ಅಮೆರಿಕದ ಪೌರತ್ವದ ಅರ್ಜಿ ನಡೆಯುತ್ತಿತ್ತು. ಕೊನೆಗೆ ಸಂದರ್ಶನದ ದಿನ ನಾವು ಹಿಂದಿರುಗಿದ ಹತ್ತೊಂಬತ್ತನೆಯ ದಿನಕ್ಕೆ ಬಿತ್ತು. ಆ ದಿನ ಪಾಸ್‌ಪೋರ್ಟನ್ನೂ ತೆಗೆದುಕೊಂಡು ಹೋಗಬೇಕು.

"ಹನ್ನೆರಡು ವರ್ಷದಿಂದ ಟ್ಯಾಕ್ಸ್ ಕಟ್ತಿದೀನಿ. ಒಂದ್ ಸಲನಾದ್ರೂ ವೋಟ್ ಹಾಕ್ಬೇಕು ಕಣ್ರೀ. ಅಲ್ಲಿಗ್ ಹೋಗಿ ಏನೂ ಎಡವಟ್ಟು ಆಗ್ಬಾರ್ದು, ಅಷ್ಟೆ," ಎಂದಳು.

ಆಗುವುದಿಲ್ಲ ಎಂದು ನಾನು ಭರವಸೆ ನೀಡಿರುತ್ತೇನೆ.

ವೆನಿಸ್

ವೆನಿಸ್ಸಿನ ಬಗ್ಗೆ ತಿಳಿದವರು ಬೇಕಾದಷ್ಟು ಬರೆದಿದ್ದಾರೆ. ನನಗೆ ನೆನಪಿರುವುದು ಅಲ್ಲಿನ ವಿಮಾನ ನಿಲ್ದಾಣದ ಮೊಹರು. ಗಾಜಿನ ಹಿಂದೆ ಕುಳಿತಿದ್ದ ಯುವಕ ನಮ್ಮ ಮುಖ ನೋಡದೆ ಪುಟದ ಅಂಚಿಗೆ ಓರೆಯಾಗಿ ಒಂದು ಪೆಟ್ಟು ಹಾಕಿದ. ಪ್ಯಾಡಿನಲ್ಲಿ ಶಾಯಿ ಒಣಗಿತ್ತು. ಅರ್ಧ ಮಾತ್ರ ಮೂಡಿತು. ಇನ್ನೊಮ್ಮೆ ಹೊಡೆಯುವಿರಾ ಎಂದು ಕೇಳಬೇಕೆನಿಸಿತು. ವಿಶಾಲಾಕ್ಷಿ ನನ್ನ ತೋಳು ಹಿಡಿದು ಎಳೆದಳು.

ಕಾಲುವೆಗಳ ಮೇಲೆ ದೋಣಿಯವನು ಹಾಡುತ್ತಿದ್ದ. ಅವಳು ಅವನ ಹಾಡಿಗೆ ತಲೆದೂಗುತ್ತಲೇ ಪೌರತ್ವದ ಪರೀಕ್ಷೆಯ ಪ್ರಶ್ನೆಗಳನ್ನು ಓದುತ್ತಿದ್ದಳು. ಸೆನೆಟ್ಟಿನಲ್ಲಿ ಎಷ್ಟು ಜನ, ಸಂವಿಧಾನ ಬರೆದ ವರ್ಷ ಯಾವುದು. ನಾನು ಸೊಂಟದ ಚೀಲದಲ್ಲಿದ್ದ ಎರಡೂ ಪಾಸ್‌ಪೋರ್ಟುಗಳನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

"ಏನ್ರೀ ಅದು, ಮದುವೆ ಮನೇಲಿ ಒಡವೆ ಕಾಯೋರ ಥರ! ಯಾರೂ ತಗೊಂಡ್ ಹೋಗಲ್ಲ ಬಿಡಿ."

ಕಾಣದೆ ಹೋದ ಗಡಿ

ವೆನಿಸ್ಸಿನಿಂದ ಸ್ಲೊವೇನಿಯಾಕ್ಕೆ ಬಸ್ಸು. ಗಡಿ ಬಂದೊಡನೆ ತಡವಾಗಬಾರದೆಂದು ನಾನು ಪಾಸ್‌ಪೋರ್ಟುಗಳ ಖಾಲಿ ಪುಟಗಳ ನಡುವೆ ಬೆರಳಿಟ್ಟುಕೊಂಡು ಕುಳಿತೆ. ದ್ರಾಕ್ಷಿ ತೋಟಗಳು ಬಂದವು, ಒಂದು ಪೆಟ್ರೋಲ್ ಬಂಕ್ ಬಂತು, ಮತ್ತೆ ದ್ರಾಕ್ಷಿ ತೋಟಗಳು. ಬೆರಳು ಜೋಮು ಹಿಡಿಯಿತು. ಆಗ ಫೋನಿನಲ್ಲಿ ಸಂದೇಶ ಬಂತು: ಸ್ಲೊವೇನಿಯಾಕ್ಕೆ ಸ್ವಾಗತ, ನಿಮಿಷಕ್ಕೆ ಇಂತಿಷ್ಟು ದರ.

ಬಸ್ಸು ನಿಂತಲ್ಲಿ ಚಾಲಕರನ್ನು ಕೇಳಿದೆ. ಅವರು ಬಂದ ದಾರಿಯತ್ತ ಹೆಬ್ಬೆರಳು ತೋರಿಸಿ, ಆ ಪೆಟ್ರೋಲ್ ಬಂಕೇ ಗಡಿಯಾಗಿತ್ತು ಎಂದರು. ಈ ದೇಶಗಳ ನಡುವೆ ಮೊಹರಿಲ್ಲವೆಂಬುದು ನನಗೆ ತಿಳಿದಿರಲಿಲ್ಲವೆಂದಲ್ಲ. ವೀಸಾದ ಅರ್ಜಿ ತುಂಬಿದವನು ನಾನೇ. ಆದರೂ ಗಡಿಯಲ್ಲಿ ಒಬ್ಬನಾದರೂ ಒಂದು ಮೇಜು ಹಾಕಿಕೊಂಡು ಕುಳಿತಿರುತ್ತಾನೆ, ಕೇಳಿದರೆ ಇಲ್ಲವೆನ್ನುವುದಿಲ್ಲ ಎಂದು ನಂಬಿದ್ದೆ. ನಮ್ಮಲ್ಲಿ ಮಂಡ್ಯದಿಂದ ಮೈಸೂರಿಗೆ ಒಂದು ಎಮ್ಮೆ ಸಾಗಿಸಿದರೂ ದಾರಿಯಲ್ಲಿ ಯಾರೋ ಒಬ್ಬರು ತಡೆದು ಕಾಗದ ಕೇಳುತ್ತಾರಲ್ಲವೇ?

ಬೆಟ್ಟದ ಮೇಲಿನ ಸುಂಕದಕಟ್ಟೆ

ಸ್ಲೊವೇನಿಯಾದಿಂದ ಆಸ್ಟ್ರಿಯಾಕ್ಕೆ ಬೆಟ್ಟದ ದಾರಿಯಲ್ಲಿ ಎಂಟು ಜನರ ಒಂದು ವ್ಯಾನಿನಲ್ಲಿ ಹೋದೆವು. ಅದರ ಚಾಲಕ ಯಾನೆಜ್, ಅರವತ್ತು ದಾಟಿದ, ಮಾತಿನ ಮನುಷ್ಯ. ಬೆಟ್ಟದ ನೆತ್ತಿಯಲ್ಲಿ ವ್ಯಾನ್ ನಿಲ್ಲಿಸಿ, ಕಾಫಿಗೆ ಅರ್ಧ ಗಂಟೆ ಎಂದ. ಅದು ಹಿಂದೆ ಎರಡು ದೇಶಗಳ ಗಡಿಯ ಸುಂಕದಕಟ್ಟೆಯಾಗಿದ್ದ ಸಣ್ಣ ಕಟ್ಟಡ. ಈಗ ಕಾಫಿ ಅಂಗಡಿ. ತಡೆಗಂಬವನ್ನು ಮೇಲೆತ್ತಿ ಕಟ್ಟಿ ಅದರ ತುಂಬ ಹೂವಿನ ಕುಂಡಗಳನ್ನು ನೇತು ಹಾಕಿದ್ದರು.

ಮೊಹರು ಸಿಗಲಿಲ್ಲವೆಂಬ ನನ್ನ ಕೊರಗನ್ನು ಯಾನೆಜ್‌ಗೆ ಹೇಳಿದೆ. ಅವನು ಜೋರಾಗಿ ನಕ್ಕ.

"ಮೊಹರೇ? ನಮ್ಮಮ್ಮ ಇದೇ ಬಾಗಿಲಲ್ಲಿ ನಾಲ್ಕು ಗಂಟೆ ನಿಂತಿದ್ದಳು ಸ್ವಾಮಿ. ಕೋಟಿನೊಳಗೆ ಬಚ್ಚಿಟ್ಟ ಎರಡು ಕಿಲೋ ಕಾಫಿ ಬೀಜ, ಆಗ ಅದು ನಮ್ಮ ಕಡೆ ಸಿಗುತ್ತಿರಲಿಲ್ಲ. ನಾನು ಅವಳ ಕೈ ಹಿಡಿದುಕೊಂಡಿದ್ದೆ. ಅವಳ ಬೆವರು ನನ್ನ ತೋಳಿಗೆ ಇಳಿಯುತ್ತಿತ್ತು. ಈಗ ನೋಡಿ, ಆ ಕಡೆ ಬ್ರೆಡ್ ಚೆನ್ನಾಗಿದೆ ಅಂತ ನನ್ನ ಹೆಂಡತಿ ಹೋಗುತ್ತಾಳೆ, ಚಪ್ಪಲಿಯಲ್ಲೇ."

ಇಷ್ಟು ಹೇಳಿ ತಡೆಗಂಬದ ಹೂಕುಂಡಕ್ಕೆ ತನ್ನ ಲೋಟದಲ್ಲಿ ಉಳಿದ ನೀರು ಹಾಕಿದ. ಈ ಮಾತು ಕೇಳಿದ ಮೇಲಾದರೂ ನಾನು ಸುಮ್ಮನಿರಬೇಕಿತ್ತು.

ವಿಶಾಲಾಕ್ಷಿ ಕಾಫಿಗೆ ಹಣ ಕೊಟ್ಟು ಹಸುಗಳ ಚಿತ್ರ ತೆಗೆಯಲು ಹೊರಗೆ ಹೋದಳು. ನಾನು ಒಳಗೆ ಉಳಿದೆ. ಹಣ ಕಟ್ಟುವ ಕೌಂಟರಿನ ಮೂಲೆಯಲ್ಲಿ, ದಾರ ಕಟ್ಟಿದ, ಮರದ ಹಿಡಿಯ ಒಂದು ಹಳೆಯ ಮೊಹರು ಇತ್ತು. ಹಿಂದಿನ ಕಾಲದ ಗಡಿ ಮೊಹರಿನ ಅಚ್ಚು: ನಡುವೆ ದಿನಾಂಕ, ಪಕ್ಕದಲ್ಲಿ ಒಂದು ಕಾರಿನ ಚಿತ್ರ, ಹೊರಗೆ ಹೋಗುವ ಬಾಣದ ಗುರುತು. ಪಕ್ಕದಲ್ಲಿ ಶಾಯಿಯ ಪ್ಯಾಡು, ಮಕ್ಕಳಿಗಾಗಿ ಬಣ್ಣದ ಕಾರ್ಡುಗಳು. ಅದರ ಮೇಲಿನ ಗೋಡೆಗೆ ಒಂದು ಸಣ್ಣ ಚೀಟಿ ಅಂಟಿಸಿತ್ತು.

ಹಿಡಿ ಕೈಗೆ ಬಂದೊಡನೆ ಹನ್ನೆರಡು ವರ್ಷ ಹಿಂದಕ್ಕೆ ಹೋದೆ. ಯಾವುದೋ ಮಗು ದಿನಾಂಕದ ಗಾಲಿ ತಿರುಗಿಸಿ ಇಲ್ಲದ ತಿಂಗಳಿಗೆ ತಂದಿಟ್ಟಿತ್ತು. ಉಗುರಿನಿಂದ ಅದನ್ನು ಆ ದಿನಕ್ಕೆ ಸರಿಪಡಿಸಿದೆ. ಕಾಗದದ ಕರವಸ್ತ್ರದ ಮೇಲೆ ಒಮ್ಮೆ ಪರೀಕ್ಷಿಸಿದೆ. ನಂತರ ನನ್ನ ಪಾಸ್‌ಪೋರ್ಟಿನ ಹದಿನೇಳನೆಯ ಪುಟ ತೆರೆದು, ಅಂಚಿಗೆ ಸಮನಾಗಿ, ಎಡದಿಂದ ಬಲಕ್ಕೆ ಒತ್ತಿ ಎತ್ತಿದೆ. ಒಂದು ಅಕ್ಷರವೂ ಕಲಸಿಹೋಗಿರಲಿಲ್ಲ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಒಟ್ಟಿಗೆ ಹೋಗುವ ಎರಡು ಕಡತಗಳಲ್ಲಿ ಒಂದಕ್ಕೆ ಮೊಹರಿದ್ದು ಇನ್ನೊಂದಕ್ಕೆ ಇಲ್ಲದಿದ್ದರೆ ಆಕ್ಷೇಪಣೆ ಬರುತ್ತದೆ ಎಂಬುದು ಟಪಾಲಿನವನ ರಕ್ತದಲ್ಲಿರುವ ಭಯ. ವಿಶಾಲಾಕ್ಷಿಯ ಪಾಸ್‌ಪೋರ್ಟಿನಲ್ಲೂ ಹದಿನೇಳನೆಯ ಪುಟ ತೆರೆದು ಹೊಡೆದೆ. ಬಳಿಕ, ಯೋಚಿಸದೆ, ಎರಡೂ ಮೊಹರುಗಳ ಬಲಕ್ಕೆ ಪೆನ್ನಿನಿಂದ ಕಿರುಸಹಿ ಹಾಕಿದೆ: ಗೋ.ರಾ.

ಹೊರಗೆ ಬಂದಾಗ ಅವಳು, "ಎಷ್ಟ್ ಹೊತ್ರೀ? ಏನ್ ಮಾಡ್ತಿದ್ರಿ?" ಎಂದಳು.

"ಕಾಫಿ ಬಿಸಿ ಇತ್ತು," ಎಂದೆ.

ವಿಯೆನ್ನಾ ವಿಮಾನ ನಿಲ್ದಾಣ

ಹಿಂದಿರುಗುವ ದಿನ ಪಾಸ್‌ಪೋರ್ಟ್ ತಪಾಸಣೆಯ ಸಾಲಿನಲ್ಲಿ ವಿಶಾಲಾಕ್ಷಿ ಮುಂದೆ, ನಾನು ಅವಳ ಹಿಂದೆ ಹಳದಿ ಗೆರೆಯ ಮೇಲೆ. ಅಧಿಕಾರಿ ಮಧ್ಯವಯಸ್ಸಿನವರು, ಕನ್ನಡಕವನ್ನು ತಲೆಯ ಮೇಲೆ ಇಟ್ಟುಕೊಂಡಿದ್ದರು. ಪುಟ ತಿರುವುತ್ತಿದ್ದವರು ನಿಲ್ಲಿಸಿ, ಕನ್ನಡಕವನ್ನು ಮೂಗಿಗೆ ಇಳಿಸಿದರು. ನನ್ನನ್ನೂ ಹತ್ತಿರ ಕರೆದರು.

"ಈ ಗಡಿಯಲ್ಲಿ ಎಷ್ಟೋ ವರ್ಷಗಳಿಂದ ಯಾರೂ ಮೊಹರು ಹೊಡೆಯುವುದಿಲ್ಲ. ಇದನ್ನು ಎಲ್ಲಿ ಪಡೆದಿರಿ?" ಎಂದು ಅವಳನ್ನು ಕೇಳಿದರು.

ಅವಳು ಅದನ್ನು ಕಂಡದ್ದೇ ಆಗ. "ಐ ಡೋಂಟ್ ನೋ, ಸರ್," ಎಂದಳು.

ಅಧಿಕಾರಿ ನನ್ನ ಕಡೆ ತಿರುಗಿದರು. ನನ್ನ ಹಳೆಯ ಕಚೇರಿಯಲ್ಲಿ ಮೇಲಿನಿಂದ ಕಾರಣ ಕೇಳಿ ನೋಟಿಸು ಬಂದರೆ ಕೊಡುವ ಉತ್ತರ ಒಂದೇ ಇತ್ತು. ಅದು ಇಂಗ್ಲಿಷಿನಲ್ಲಿ ತಾನಾಗಿ ನನ್ನ ಬಾಯಿಂದ ಹೊರಬಂತು: ಈ ಬಗ್ಗೆ ನಮಗೆ ಯಾವುದೇ ಮಾಹಿತಿ ಇರುವುದಿಲ್ಲ. ಪ್ರಯಾಣದ ವೇಳೆ ಯಾರಾದರೂ ಹೊಡೆದಿರಬಹುದು.

"ಹಾಗಾದರೆ ಇದರ ಪಕ್ಕದಲ್ಲಿರುವ ಈ ಚಿತ್ರವೇನು?" ಎಂದು ಅವರು ಪಾಸ್‌ಪೋರ್ಟನ್ನು ಅವಳ ಕಡೆ ತಿರುಗಿಸಿದರು.

ವಿಶಾಲಾಕ್ಷಿ ಬಗ್ಗಿ ನೋಡಿದಳು. ಎರಡು ಅಕ್ಷರ ಓದಲು ಎಷ್ಟು ಹೊತ್ತು ಬೇಕು? ಅವಳು ಅದಕ್ಕಿಂತ ಹೆಚ್ಚು ಹೊತ್ತು ಬಗ್ಗಿಯೇ ಇದ್ದಳು. ಹಾಲಿನವರ ಲೆಕ್ಕದಿಂದ ಹಿಡಿದು ಈಗ ಬೇರೆ ಊರಲ್ಲಿ ಓದುತ್ತಿರುವ ಮಗಳ ಶಾಲೆಯ ಅಂಕಪಟ್ಟಿಯವರೆಗೆ ಇಪ್ಪತ್ತೈದು ವರ್ಷ ನೋಡಿದ ಸಹಿ ಅದು. ನನ್ನ ಕಡೆ ತಿರುಗಲಿಲ್ಲ. ನೇರವಾಗಿ ನಿಂತು ಅಧಿಕಾರಿಗೆ ಹೇಳಿದಳು:

"ದಟ್ ಈಸ್ ಮೈ ಹಸ್ಬೆಂಡ್ಸ್ ಇನಿಷಿಯಲ್."

ಅಧಿಕಾರಿ ಕೈ ಚಾಚಿದರು. ನನ್ನ ಪಾಸ್‌ಪೋರ್ಟ್ ಕೊಟ್ಟೆ. ಅದರಲ್ಲಿಯೂ ಹದಿನೇಳನೆಯ ಪುಟ, ಅದೇ ಮೊಹರು, ಅದೇ ಗೋ.ರಾ.

ನಮ್ಮನ್ನು ಒಂದು ಕೋಣೆಯಲ್ಲಿ ಕೂರಿಸಿದರು. ಅಲ್ಲಿ ಎಲ್ಲವನ್ನೂ ಒಪ್ಪಿಕೊಂಡೆ. ಆ ಅಧಿಕಾರಿ ಹೇಳಿದ ಒಂದು ಮಾತನ್ನು ಇಲ್ಲಿ ದಾಖಲಿಸುತ್ತೇನೆ. "ಪ್ರವಾಸಿಗಳು ಆಟಕ್ಕೆ ಹೊಡೆದ ಮೊಹರು ಸೊಟ್ಟಗಿರುತ್ತದೆ, ಕಲಸಿಹೋಗಿರುತ್ತದೆ. ನಿಮ್ಮದು ಅತಿ ಶುದ್ಧವಾಗಿದೆ. ಅದಕ್ಕೇ ನಕಲಿ ಕಾಗದ ಮಾಡುವವರ ಕೈಯೆಂದು ಭಾವಿಸಿದೆವು." ಹದಿನಾಲ್ಕು ವರ್ಷದ ನನ್ನ ಕೆಲಸಕ್ಕೆ ಅಷ್ಟು ದೊಡ್ಡ ಪ್ರಶಂಸೆ ಎಂದೂ ಸಿಕ್ಕಿರಲಿಲ್ಲ. ಅದನ್ನು ತಲೆ ತಗ್ಗಿಸಿ ಸ್ವೀಕರಿಸಬೇಕಾಯಿತು.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎನ್ನುತ್ತಾರೆ. ಆದರೆ ಅವರು ಮಂಡ್ಯದ ಟಪಾಲು ವಿಭಾಗದ ಕಥೆಯನ್ನು ಪೂರ್ತಿ ಕೇಳಿದರು. ಗಡಿಯ ಕಾಫಿ ಅಂಗಡಿಗೆ ಫೋನ್ ಮಾಡಿ ವಿಚಾರಿಸಿದರು. ಎರಡೂ ಪುಟಗಳ ಮೇಲೆ ಗೆರೆ ಎಳೆದು, ರದ್ದಾಗಿದೆ ಎಂದು ಅವರ ಭಾಷೆಯಲ್ಲಿ ಷರಾ ಬರೆದು, ತಮ್ಮ ಮೊಹರು ಹೊಡೆದು ಬಿಟ್ಟುಕೊಟ್ಟರು. ಅಷ್ಟರಲ್ಲಿ ನಮ್ಮ ವಿಮಾನ ಹೊರಟುಹೋಗಿತ್ತು.

ವಿಶಾಲಾಕ್ಷಿ ನಿಲ್ದಾಣದ ಬೆಂಚಿನ ಮೇಲೆ ಕುಳಿತಳು. ನಾನು ನೀರು ತಂದುಕೊಟ್ಟೆ. ಕುಡಿಯಲಿಲ್ಲ. ಆಮೇಲೆ ಹೇಳಿದಳು:

"ಮೊಹರು ಹೊಡ್ದಿದ್ದಕ್ಕೆ ನಂಗೆ ಬೇಜಾರಿಲ್ಲ. ಹುಚ್ಚು ಅಂದ್ಕೊಂಡು ಬಿಡ್ತೀನಿ. ಆದ್ರೆ ನಿಮ್ ಸುಳ್ಳಿಗೆ ನನ್ನನ್ನೂ ಯಾಕ್ರೀ ಸೇರಿಸ್ಕೊಂಡ್ರಿ? ನಾಳೆ ಆ ಇಂಟರ್‌ವ್ಯೂಲಿ ಪ್ರಮಾಣ ಮಾಡಿ ಕೂತ್ಕೋಬೇಕಾಗಿರೋದು ನಾನು."

ನಾನು ಮರುದಿನದ ವಿಮಾನಕ್ಕೆ ಟಿಕೆಟ್ ಬದಲಿಸಲು ಹೋಗಿ ಸಾಲಿನಲ್ಲಿ ನಿಂತೆ.

ನ್ಯೂವಾರ್ಕ್

ಮುಂದಿನ ಎರಡು ವಾರಕ್ಕೂ ಹೆಚ್ಚು ಕಾಲ ನಮ್ಮ ಮನೆಯಲ್ಲಿ ಉಪ್ಪು, ಕಸ, ಹೀಟರ್ ಇವುಗಳ ವಿಷಯದಲ್ಲಿ ಮಾತ್ರ ಮಾತು ನಡೆಯಿತು. ಅವಳು ಪ್ರಶ್ನೆಗಳ ಪುಸ್ತಕವನ್ನು ಮತ್ತೆ ತೆರೆಯಲಿಲ್ಲ. ರದ್ದಾದ ಆ ಪುಟ ನೋಡಿ ಸಂದರ್ಶಕರು ಕೇಳಿದರೆ ಏನು ಹೇಳುವುದೆಂಬ ಒಂದೇ ಪ್ರಶ್ನೆ ಇಬ್ಬರ ನಡುವೆ ಊಟದ ಮೇಜಿನ ಮೇಲೆ ಕುಳಿತಿರುತ್ತಿತ್ತು.

ಸಂದರ್ಶನಕ್ಕೆ ಎರಡು ದಿನ ಇರುವಾಗ ನಾನು ನನಗೆ ಬರುವ ಒಂದೇ ಕೆಲಸ ಮಾಡಿದೆ. ಸಂದರ್ಶನದ ಅಧಿಕಾರಿಗೆ ಸಲ್ಲಿಸಲು ಇಂಗ್ಲಿಷಿನಲ್ಲಿ ಒಂದು ಸಮಜಾಯಿಷಿ ಬರೆದೆ. ನನ್ನ ಹೆಂಡತಿಗೆ ತಿಳಿಯದಂತೆ ನಾನೇ ಮೊಹರು ಹೊಡೆದಿರುತ್ತೇನೆ; ವಿಯೆನ್ನಾದಲ್ಲಿ ಕೇಳಿದಾಗ ನಾನು ಸುಳ್ಳು ಹೇಳಿರುತ್ತೇನೆ, ಅವಳು ನಿಜ ಹೇಳಿರುತ್ತಾಳೆ; ಅದು ಪಾಸ್‌ಪೋರ್ಟಿಗೆ ಹೊಡೆಯತಕ್ಕದ್ದಲ್ಲ ಎಂಬುದು ಕಣ್ತಪ್ಪಿನಿಂದ ಗಮನಕ್ಕೆ ಬಂದಿರುವುದಿಲ್ಲ.

ಅವಳು ನಿಂತುಕೊಂಡೇ ಓದಿದಳು. "ಕಣ್ತಪ್ಪಿನಿಂದ" ಎಂಬಲ್ಲಿ ಬೆರಳು ನಿಂತಿತು.

"ಕಾಫಿಗೆ ದುಡ್ ಕೊಡುವಾಗ ಅಲ್ಲೊಂದು ಚೀಟಿ ನೋಡಿದ್ದೆ. ಪಾಸ್‌ಪೋರ್ಟ್ ಚಿತ್ರ ಬರೆದು, ಅದರ ಮೇಲೆ ಕೆಂಪು ಗೆರೆ ಹೊಡ್ದಿತ್ತು. ನೀವು ನೋಡ್ಲಿಲ್ವಾ?"

ಓದಲು ಬಾರದ ಮಗುವಿಗೂ ಅರ್ಥವಾಗುವಂತಹ ಚಿತ್ರ ಅದು. ಮೊಹರಿನ ನೇರಕ್ಕೆ, ನನ್ನ ಕಣ್ಣಿನ ಮಟ್ಟಕ್ಕೆ ಅಂಟಿಸಿದ್ದರು.

"ನೋಡಿದ್ದೆ," ಎಂದೆ.

ಅವಳು ಬೈಯಲಿಲ್ಲ. ಕುರ್ಚಿ ಎಳೆದು ನನ್ನ ಪಕ್ಕ ಕುಳಿತಳು. ವಿಯೆನ್ನಾ ಆದಮೇಲೆ ಅದೇ ಮೊದಲು.

"ನಮ್ ಲ್ಯಾಬಲ್ಲಿ ರಿಪೋರ್ಟ್ ತಪ್ಪು ಬರೆದ್ರೆ ಹೊಸ ಹಾಳೆ ತಗೊಳೋ ಹಾಗಿಲ್ಲ, ವೈಟ್ನರ್ ಹಚ್ಚೋ ಹಾಗಿಲ್ಲ. ಒಂದೇ ಒಂದು ಗೆರೆ. ಕೆಳಗೆ ಏನಿತ್ತು ಅಂತ ಎಲ್ರಿಗೂ ಕಾಣ್ಬೇಕು. ಪಕ್ಕದಲ್ಲಿ ಸರಿಯಾದ್ದು ಬರೀಬೇಕು. ಡೇಟು, ಇನಿಷಿಯಲ್. ಹಾಕಿ."

ಆ ವಾಕ್ಯಕ್ಕೆ ಒಂದು ಗೆರೆ ಎಳೆದೆ. ಪಕ್ಕದಲ್ಲಿ, ಸೂಚನೆಯನ್ನು ನೋಡಿಯೂ ಹೊಡೆದಿರುತ್ತೇನೆ ಎಂದು ಬರೆದೆ. ದಿನಾಂಕ ಹಾಕಿದೆ. ಗೋ.ರಾ. ಎಂದು, ಹದಿನಾಲ್ಕು ವರ್ಷದಲ್ಲಿ ಸಾವಿರಾರು ಬಾರಿ ಬರೆದ ಆ ಎರಡು ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಬರೆದೆ. ಅಷ್ಟು ವರ್ಷ ನಾನು ಹಾಕಿದ್ದು ಬೇರೆಯವರ ಕಾಗದಗಳಿಗೆ. ಅವುಗಳಲ್ಲಿ ಏನಿತ್ತೆಂದು ಯಾರೂ ನನ್ನನ್ನು ಕೇಳಿರಲಿಲ್ಲ.

ಸಂದರ್ಶನದ ದಿನ ನ್ಯೂವಾರ್ಕಿನ ಆ ಕಟ್ಟಡದ ಮುಂದೆ ಅವಳನ್ನು ಇಳಿಸಿ, ಕಾರಿನಲ್ಲಿಯೇ ಕಾದೆ. ಎರಡು ಗಂಟೆಯಾಯಿತು. ಇನ್ನೂ ಸ್ವಲ್ಪವಾಯಿತು. ಅವಳು ಮೆಟ್ಟಿಲು ಇಳಿದು ಬರುವ ರೀತಿಯಿಂದ ಏನೂ ತಿಳಿಯಲಿಲ್ಲ. ಬಾಗಿಲು ತೆರೆದು ಕುಳಿತು, ಸೀಟ್ ಬೆಲ್ಟ್ ಹಾಕಿಕೊಂಡಳು.

"ಆಯ್ತು. ಪಾಸು. ಪ್ರಮಾಣದ ದಿನ ಲೆಟರ್ ಕಳಿಸ್ತಾರಂತೆ."

"ಆ ಪುಟ ನೋಡಿದ್ರಾ?"

"ಅವರು ತೆಗೀಲೇ ಇಲ್ಲ. ನಾನೇ ತೆಗ್ದು ತೋರಿಸ್ದೆ. ಲೆಟರ್ ಕೊಟ್ಟೆ. ಗೆರೆ ಹೊಡ್ದಿರೋದನ್ನ ಎರಡ್ ಸಲ ಓದಿದ್ರು. ಫೈಲಲ್ಲಿ ಸೇರಿಸ್ಕೊಂಡ್ರು."

ದೇವರಿಗೆ ಕೈ ಮುಗಿಯಬೇಕಾದ ಆ ಗಳಿಗೆಯಲ್ಲಿ ನನ್ನ ಬಾಯಿಂದ ಬಂದ ಪ್ರಶ್ನೆಯನ್ನು ಬರೆಯಲು ನಾಚಿಕೆಯಾಗುತ್ತದೆ.

"ಸ್ವೀಕೃತಿಯ ಮೊಹರು ಹೊಡೆದ್ರಾ?"

ಅವಳು ನನ್ನನ್ನೇ ನೋಡಿದಳು. ಆಮೇಲೆ ಎಷ್ಟೋ ದಿನಗಳ ನಂತರ ನಕ್ಕಳು.

"ಹೊಡೆದ್ರು ಕಣ್ರೀ. ಸೊಟ್ಟಗೆ."

ಮಾನ್ಯರೇ, ಇದರ ನಂತರವೂ ನಾನು ಯುಗಾದಿ ಊಟದ ಸಾಲಿನಲ್ಲಿ ವಿಮಾನ ರದ್ದಾಯಿತೆಂದು ಹೇಳಿದೆ. ಮಂಜುನಾಥ್ ಅವರು, "ಅಯ್ಯೋ, ಏರ್‌ಲೈನಿಂದ ಕಾಂಪೆನ್ಸೇಷನ್ ಕೇಳಿ ಸಾರ್, ಬಿಡ್ಬೇಡಿ," ಎಂದು ಮುತುವರ್ಜಿಯಿಂದ ಅರ್ಜಿಯ ನಮೂನೆಯನ್ನೂ ಕಳುಹಿಸಿಕೊಟ್ಟರು. ವಿಶಾಲಾಕ್ಷಿ ಪಕ್ಕದಲ್ಲೇ ಕೋಸಂಬರಿ ಬಡಿಸಿಕೊಳ್ಳುತ್ತಿದ್ದಳು. ತಟ್ಟೆ ಹಿಡಿದು ಮುಂದಕ್ಕೆ ಸರಿದಳು. ಸಂಪಾದಕರು ಈ ಲೇಖನ ಕೇಳಿದ ದಿನ, ಪೆನ್ನು ತಂದು ನನ್ನ ಮುಂದೆ ಇಟ್ಟವಳು ಅವಳೇ.

ಈ ಲೇಖನದ ಮೊದಲ ಕರಡಿನಲ್ಲಿ, ಬೆಟ್ಟದ ಮೇಲಿನ ಅಂಗಡಿಯವರು ಪ್ರೀತಿಯಿಂದ ನಮ್ಮ ಪಾಸ್‌ಪೋರ್ಟುಗಳಿಗೆ ಒಂದು ನೆನಪಿನ ಮೊಹರು ಹೊಡೆದುಕೊಟ್ಟರು ಎಂಬ ವಾಕ್ಯವಿತ್ತು. ಅದರ ಮೇಲೆ ಕೆಳಗಿನ ಅಕ್ಷರ ಕಾಣುವಂತೆ ಒಂದೇ ಗೆರೆ ಎಳೆದು, ಅದೇ ಹಾಳೆಯನ್ನು ಸಂಪಾದಕರಿಗೆ ಸಲ್ಲಿಸಿರುತ್ತೇನೆ. ನೋಡಬಯಸುವವರು ಅವರ ಬಳಿ ನೋಡಬಹುದು. ಗೆರೆಯ ಬಲಕ್ಕೆ ದಿನಾಂಕವಿದೆ, ಮತ್ತು

ಗೋ.ರಾ.